ದೋಣಿಗೊಂದು ಬೀಗ, ಬೀಗಕ್ಕೊಂದು ಗಂಟೆ

ಮನೆಗೆ ಬಾಗಿಲುಂಟು, ಬಾಗಿಲಿಗೆ ಚಿಲಕವುಂಟು, ಬೀಗವುಂಟು. ಕೊಟ್ಟಿಗೆಯ ದನಕ್ಕೆ ಕಣ್ಣಿಯುಂಟು. ಹೆಂಗಸರ ಒಡವೆಗೆ ಬ್ಯಾಂಕಿನ ಕಪಾಟುಂಟು. ಆದರೆ ಲಕ್ಷಗಟ್ಟಲೆ ಬೆಲೆ ಬಾಳುವ, ಐದಾರು ಸಂಸಾರಗಳಿಗೆ ಅನ್ನ ಕೊಡುವ ದೋಣಿಗೆ ಏನುಂಟು? ಒಂದು ಹಗ್ಗ, ಒಂದು ಗೂಟ, ಮೇಲೆ ದೇವರ ದಯೆ! ಹಗ್ಗವನ್ನು ಕೊಯ್ಯಲು ಒಂದು ಚೂರಿ ಸಾಕು. ದೇವರ ದಯೆಯನ್ನು ನಂಬಿ ಮಲಗಿದವನೂ ಮುಂಜಾನೆ ಎದ್ದು ಮೊದಲು ನೋಡುವುದು ದೋಣಿ ಇದೆಯೋ ಇಲ್ಲವೋ ಎಂಬುದನ್ನೇ.

ಪಟ್ಟಣವಾಸಿಗಳಾದ ನಮಗೆ ದೋಣಿಯ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಹಾಗೆ ಕೇಳುವವರು ತಮ್ಮ ನೆರೆಮನೆಯವರನ್ನು ವಿಚಾರಿಸಿ ನೋಡಲಿ. ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮನೆತನಗಳ ಎಷ್ಟೋ ಮಕ್ಕಳು ಇಂದು ನಮ್ಮ ನಡುವೆ ಕಚೇರಿಗಳಲ್ಲಿ, ಹೋಟೆಲುಗಳಲ್ಲಿ, ಕಾರಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಊರಿನಲ್ಲಿ ಅಣ್ಣನೋ ಮಾವನೋ ದೋಣಿಗೆ ಹೊಸ ಇಂಜಿನು ಹಾಕಿಸುವಾಗ, ಬಲೆ ಕೊಳ್ಳುವಾಗ, ಇಲ್ಲಿಂದ ಹೋದ ಹಣ ಅದರೊಳಗೆ ಸೇರಿರುತ್ತದೆ. ದೋಣಿ ಕಳವಾದರೆ ಅಲ್ಲಿಯ ಒಲೆ ಆರುತ್ತದೆ. ಇಲ್ಲಿಯ ಉಳಿತಾಯವೂ ಕರಗುತ್ತದೆ. ಆದುದರಿಂದ ಈ ಸಲ ದೋಣಿಯ ಕಾವಲಿಗೆಂದು ಬಂದಿರುವ ನಿಸ್ತಂತು ಎಚ್ಚರಗಂಟೆಯ ವಿಷಯವಾಗಿ ನಾಲ್ಕು ಮಾತು ಹೇಳುತ್ತೇವೆ.

ಮೊದಲು ಕಳ್ಳನ ಕಡೆಯಿಂದ ಯೋಚಿಸೋಣ. ಇಡೀ ದೋಣಿಯನ್ನೇ ಹೊಡೆದುಕೊಂಡು ಹೋಗುವುದು ಸುಲಭವಲ್ಲ. ಅದಕ್ಕೆ ಬಣ್ಣವುಂಟು, ಹೆಸರುಂಟು, ನೋಂದಣಿಯ ಸಂಖ್ಯೆಯುಂಟು. ಬಂದರಿನಲ್ಲಿ ಗುರುತು ಹಿಡಿಯುವ ಕಣ್ಣುಗಳು ಬೇಕಾದಷ್ಟುಂಟು. ಕಳ್ಳನಿಗೆ ಬೇಕಾದುದು ಬೇಗ ಬಿಚ್ಚಬಹುದಾದ, ಬೇಗ ಮಾರಬಹುದಾದ ಸಾಮಾನು. ನಾಡದೋಣಿಯ ಹಿಂಬದಿಗೆ ತಗುಲಿಸುವ ಹತ್ತು ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನು ಸುಮಾರು 40 ಕಿಲೋ ತೂಗುತ್ತದೆ. ಎರಡು ತಿರುಪು ಸಡಿಲಿಸಿದರೆ ಇಬ್ಬರು ಆಳುಗಳು ಹೊತ್ತು ನಡೆಯಬಹುದು. ಬೆಲೆಯೋ ಲಕ್ಷ ರೂಪಾಯಿ ದಾಟುತ್ತದೆ. ಅದರ ಹಿಂದೆ ಬ್ಯಾಟರಿ, ಡೀಸೆಲು, ಕಂಚಿನ ಪ್ರೊಪೆಲರು, ಮೀನಿನ ಹಿಂಡು ತೋರಿಸುವ ಯಂತ್ರ, ಬಲೆಯ ಸೀಸದ ಗುಂಡು. ಹೀಗೆ ಕಳ್ಳನ ಪಟ್ಟಿ ಉದ್ದವಾಗಿದೆ.

ಕಳ್ಳನಿಗೆ ಒಳ್ಳೆಯ ಕಾಲವೂ ಒಂದುಂಟು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದೂ ಕಡಲು ಕೆರಳುವ ಕಾಲವೆಂದೂ ಮಾಡಿದ ಒಳ್ಳೆಯ ನಿಯಮವೇ ಅದು. ಆಗ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ದೋಣಿಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಕೆಲಸದ ಆಳುಗಳು ಊರಿಗೆ ಹೋಗಿರುತ್ತಾರೆ. ರಾತ್ರಿಯೆಲ್ಲ ಮಳೆ, ಮಳೆಯ ಸದ್ದಿನಲ್ಲಿ ಬೇರೆ ಸದ್ದು ಕೇಳದು. ಮನೆಯ ಹಿರಿಯರೊಬ್ಬರು ಕಂಬಳಿ ಹೊದ್ದು ದೋಣಿಯಲ್ಲೇ ಮಲಗುತ್ತಾರೆ. ಅರವತ್ತು ದಾಟಿದ ದೇಹ ಅರವತ್ತು ರಾತ್ರಿ ಮಳೆಯಲ್ಲಿ ನೆನೆಯುವುದು ಎಷ್ಟು ಸರಿ?

ದೋಣಿ ಪರರ ಕೈಸೇರಿದರೆ ನಷ್ಟ ಒಡೆಯನೊಬ್ಬನಿಗೇ ಅಲ್ಲವೆಂಬುದನ್ನು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. 2008ರ ನವೆಂಬರಿನಲ್ಲಿ ಹತ್ತು ಮಂದಿ ಹಂತಕರು ಗುಜರಾತದ ಕಡಲಿನಲ್ಲಿ ‘ಕುಬೇರ’ ಎಂಬ ಪೋರಬಂದರಿನ ಮೀನುದೋಣಿಯನ್ನು ವಶಪಡಿಸಿಕೊಂಡರು. ಅದರಲ್ಲಿದ್ದ ನಾವಿಕರನ್ನು ಕೊಂದರು. ದಾರಿ ತೋರಿಸಲು ಉಳಿಸಿಕೊಂಡಿದ್ದ ತಾಂಡೇಲನನ್ನೂ ಮುಂಬಯಿ ಹತ್ತಿರವಾದಾಗ ಮುಗಿಸಿದರು. ಅಲ್ಲಿಂದ ಇಂಜಿನು ಹಚ್ಚಿದ ರಬ್ಬರು ದೋಣಿಯಲ್ಲಿ ಕೊಲಾಬಾದ ಮೀನುಗಾರರ ವಸತಿಯ ಬಳಿ ದಡ ಹತ್ತಿದರು. ಆ 26ನೆಯ ತಾರೀಖಿನ ರಾತ್ರಿಯಿಂದ 29ರ ಬೆಳಗಿನವರೆಗೆ ನಡೆದುದು ಎಲ್ಲರಿಗೂ ತಿಳಿದಿದೆ. ನಡುಗಡಲಿನಲ್ಲಿ ಬಂದೂಕು ಹಿಡಿದು ಬಂದವರನ್ನು ಯಾವ ಗಂಟೆಯೂ ತಡೆಯುತ್ತಿರಲಿಲ್ಲ, ನಿಜ. ಆದರೆ ಯಾವ ದೋಣಿ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಇಡೀ ದೇಶ ಕೇಳಬೇಕಾದ ಪ್ರಶ್ನೆಯೆಂದು ಅಂದಿನಿಂದ ಮನದಟ್ಟಾಯಿತು. ಮೀನುಗಾರರಿಗೆ ಗುರುತಿನ ಚೀಟಿ, ದೋಣಿಗಳಿಗೆ ರಾಜ್ಯಕ್ಕೊಂದು ಬಣ್ಣ, 20 ಮೀಟರಿಗಿಂತ ಉದ್ದದ ದೋಣಿಗಳಿಗೆ ತಮ್ಮ ಗುರುತನ್ನು ತಾವೇ ಸಾರುವ ನಿಸ್ತಂತು ಯಂತ್ರ, ಇವೆಲ್ಲ ಆ ಬಳಿಕ ಬಂದ ಏರ್ಪಾಡುಗಳು.

ಇನ್ನು ಯಂತ್ರದ ವಿಷಯಕ್ಕೆ ಬರೋಣ. ತಂತಿಯಿಲ್ಲದೆ ದೂರದಲ್ಲಿ ಗಂಟೆ ಬಾರಿಸುವುದು ಹೊರದೇಶದಿಂದ ಬಂದ ಹೊಸ ಮಾಯೆಯೆಂದು ತಿಳಿಯಬೇಕಾಗಿಲ್ಲ. 1895ರಲ್ಲಿ ಕಲಕತ್ತೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ವಿದ್ಯುತ್ತಿನ ಅಲೆಗಳನ್ನು ಗೋಡೆಗಳ ಮೂಲಕ ಹಾಯಿಸಿ, ದೂರದ ಕೋಣೆಯಲ್ಲಿ ಗಂಟೆ ಬಾರಿಸಿ, ಮದ್ದಿಗೆ ಕಿಡಿ ತಗುಲಿಸಿ ಸಭಿಕರನ್ನು ಬೆರಗುಗೊಳಿಸಿದ್ದರು. ಇಂದು ದೋಣಿಯ ಕಾವಲಿಗೆ ನಿಂತಿರುವುದು ಅದೇ ಗಂಟೆಯ ಮೊಮ್ಮಗು.

ಈ ಎಚ್ಚರಗಂಟೆಗೆ ಮೂರು ಅಂಗಗಳು. ಅಲ್ಲಲ್ಲಿ ಅಂಟಿಸಿದ ಚಿಕ್ಕ ಕಾವಲು ಬಿಲ್ಲೆಗಳು ಒಂದು. ಅವುಗಳ ಮಾತು ಕೇಳುವ ನಡುವಣ ಪೆಟ್ಟಿಗೆ ಎರಡು. ಕೂಗುವ ಸೈರನ್ನು ಹಾಗೂ ಮೊಬೈಲಿಗೆ ಸುದ್ದಿ ಮುಟ್ಟಿಸುವ ಸಿಮ್ ಮೂರು. ಬಿಲ್ಲೆಗೂ ಪೆಟ್ಟಿಗೆಗೂ ನಡುವೆ ತಂತಿಯಿಲ್ಲ. ಉಪ್ಪುನೀರಿನಲ್ಲಿ ತಂತಿಯ ಬೆಸುಗೆಗಳು ಬೇಗ ಕಿಲುಬು ಹಿಡಿಯುತ್ತವಾದ್ದರಿಂದ ದೋಣಿಗೆ ಇದು ದೊಡ್ಡ ಅನುಕೂಲ. ನಮ್ಮ ದೇಶದಲ್ಲಿ ಇಂತಹ ಕಡಿಮೆ ಶಕ್ತಿಯ ಉಪಕರಣಗಳಿಗಾಗಿ 865ರಿಂದ 867 ಮೆಗಾಹರ್ಟ್ಸ್ ಅಲೆಗಳನ್ನು 2005ರಲ್ಲೇ ಲೈಸೆನ್ಸಿನಿಂದ ಮುಕ್ತಗೊಳಿಸಿದ್ದಾರೆ.

ಬಿಲ್ಲೆಗಳಲ್ಲಿ ಸರಳವಾದುದೂ ನಂಬಿಕೆಯದೂ ಅಯಸ್ಕಾಂತದ ಬಿಲ್ಲೆ. ಗಾಜಿನ ಸಣ್ಣ ಕೊಳವೆಯಲ್ಲಿ ಎರಡು ತೆಳುವಾದ ಲೋಹದ ಎಸಳುಗಳಿರುತ್ತವೆ. ಎದುರಿಗೆ ಅಯಸ್ಕಾಂತವಿದ್ದಾಗ ಅವು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಬಾಗಿಲು ತೆರೆದು ಅಯಸ್ಕಾಂತ ದೂರ ಸರಿದ ಕೂಡಲೆ ಬೇರೆಯಾಗುತ್ತವೆ. ಅಷ್ಟಾದರೆ ಸಾಕು, ಬಿಲ್ಲೆ ಪೆಟ್ಟಿಗೆಗೆ ದೂರು ಹೇಳುತ್ತದೆ. ಕೋಣೆಯ ಬಾಗಿಲಿಗೊಂದು, ಇಂಜಿನಿನ ಮುಚ್ಚಳಕ್ಕೊಂದು ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಹೊರಗೆ ತೂಗುವ ಇಂಜಿನಿಗೆ ಬೇರೆ ಉಪಾಯ. ಅದರ ಹಿಡಿಯ ಮೂಲಕ ತೆಳು ತಂತಿಯ ಕುಣಿಕೆಯೊಂದನ್ನು ಹಾಯಿಸಿ ಎರಡು ತುದಿಗಳನ್ನೂ ಬಿಲ್ಲೆಗೆ ಸೇರಿಸುತ್ತಾರೆ. ಕುಣಿಕೆ ಕಡಿದರೆ ಗಂಟೆ. ಕಡಿಯದೆ ಇಂಜಿನು ಬಾರದು. ಆದರೆ ಇದು ಬೀಗಕ್ಕೆ ಬದಲಲ್ಲ. ಗಟ್ಟಿ ಸರಪಳಿ ಮತ್ತು ತಿರುಪುಗಳಿಗೆ ಹಾಕುವ ಬೀಗ ಮೊದಲು, ಗಂಟೆ ಅನಂತರ. ಬೀಗ ಕಳ್ಳನ ಕೈಯನ್ನು ತಡಮಾಡಿಸುತ್ತದೆ, ಗಂಟೆ ಆ ಹೊತ್ತಿನೊಳಗೆ ಜನರನ್ನು ಎಬ್ಬಿಸುತ್ತದೆ. ಎರಡೂ ಇದ್ದರೇನೇ ಫಲ.

ಮನೆಗಳಲ್ಲಿ ಹಾಕುವ, ಮೈಯ ಕಾವನ್ನು ಗುರುತಿಸುವ ಕಣ್ಣನ್ನು ತೆರೆದ ದೋಣಿಯಲ್ಲಿ ಹಾಕಬೇಡಿರೆಂದು ಹೇಳುತ್ತೇವೆ. ಬಿಸಿಲು ಬಿದ್ದರೂ ಅದು ಬೆದರುತ್ತದೆ, ಕಾಗೆ ಕೂತರೂ ಕೂಗುತ್ತದೆ. ನಮ್ಮ ಬಂದರುಗಳಲ್ಲಿ ಇನ್ನೊಂದು ತೊಡಕುಂಟು. ದೋಣಿಗಳನ್ನು ಒಂದಕ್ಕೊಂದು ಸಾಲಾಗಿ ಕಟ್ಟಿರುವುದರಿಂದ ನಾಲ್ಕನೆಯ ದೋಣಿಯವನು ಮೂರು ದೋಣಿಗಳ ಮೇಲೆ ಹಾದೇ ತನ್ನದನ್ನು ಸೇರಬೇಕು. ಹಾಗೆ ಹಾದವನನ್ನೆಲ್ಲ ಗಂಟೆ ಕಳ್ಳನೆಂದರೆ ಮೂರನೆಯ ದಿನ ಯಾರೂ ತಲೆಯೆತ್ತಿ ನೋಡಲಾರರು. ‘ಹುಲಿ ಬಂತು ಹುಲಿ’ ಎಂದು ಕೂಗಿದ ದನಗಾಹಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದುದರಿಂದ ದಾರಿಯಾಗಿರುವ ಹಲಗೆಯನ್ನು ಬಿಟ್ಟು, ಪರರಿಗೆ ಕೆಲಸವೇ ಇಲ್ಲದ ಬಾಗಿಲು, ಮುಚ್ಚಳ, ಇಂಜಿನುಗಳಿಗೆ ಮಾತ್ರ ಕಾವಲು ಹಾಕಬೇಕು.

ಲಂಗರು ಹಾಕಿ ನಿಲ್ಲಿಸಿದ ದೋಣಿಗೆ ಗಡಿಗೆರೆಯ ಕಾವಲು ಉಂಟು. ಉಪಗ್ರಹಗಳ ಸಂಕೇತದಿಂದ ಪೆಟ್ಟಿಗೆ ತಾನಿರುವ ಜಾಗವನ್ನು ಅರಿತುಕೊಳ್ಳುತ್ತದೆ; ನಾವು ಎಳೆದ ವೃತ್ತವನ್ನು ದಾಟಿದರೆ ಸುದ್ದಿ ಕೊಡುತ್ತದೆ. ಸೀತಮ್ಮನವರಿಗೆ ಲಕ್ಷ್ಮಣ ಎಳೆದ ಗೆರೆಯಂತೆ! ಈ ಗೆರೆ ಎಷ್ಟು ದೂರವಿರಬೇಕೆಂಬುದನ್ನು ಲೆಕ್ಕ ಹಾಕಿಯೇ ಗೊತ್ತುಮಾಡಬೇಕು. ಹಗ್ಗ 30 ಮೀಟರು ಬಿಟ್ಟಿದೆ, ಪೆಟ್ಟಿಗೆ ದೋಣಿಯ ಮೂತಿಯಿಂದ 5 ಮೀಟರು ಒಳಗಿದೆ ಎನ್ನಿ. ಪೆಟ್ಟಿಗೆಗೂ ಲಂಗರಿಗೂ ಹೆಚ್ಚೆಂದರೆ 35 ಮೀಟರು. ಗಾಳಿ ಅಥವಾ ಇಳಿತದ ನೀರು ತಿರುಗಿದರೆ ದೋಣಿ ಲಂಗರಿನ ಆಚೆಯ ಮಗ್ಗುಲಿಗೆ ಹೋಗಿ ನಿಲ್ಲುತ್ತದೆ. ಮೊದಲಿದ್ದ ಜಾಗದಿಂದ 70 ಮೀಟರು. ಉಪಗ್ರಹದ ಲೆಕ್ಕದ ಹೆಚ್ಚುಕಡಿಮೆಗೆ ಇನ್ನೊಂದು 10 ಮೀಟರು ಸೇರಿಸಿ. ದೋಣಿ ನಿಂತ ಜಾಗವನ್ನೇ ನಡುವಾಗಿಟ್ಟುಕೊಂಡರೆ ಗೆರೆ 80 ಮೀಟರಿನಲ್ಲಿರಬೇಕು. ಅದಕ್ಕಿಂತ ಹತ್ತಿರ ಎಳೆದವನಿಗೆ ಪ್ರತಿ ಉಬ್ಬರವಿಳಿತಕ್ಕೂ ನಿದ್ದೆಗೇಡು.

ಇನ್ನೊಂದು ಬಿಲ್ಲೆಯನ್ನು ಮರೆಯಬಾರದು. ಅದು ದೋಣಿಯ ತಳದಲ್ಲಿ ತೇಲುವ ಬಿಲ್ಲೆ. ನೀರು ಏರಿದರೆ ಅದೂ ಏರಿ ಎಚ್ಚರಿಸುತ್ತದೆ. ಕಳ್ಳನಿಗಿಂತ ಹೆಚ್ಚು ಸಲ ಬರುವ ಶತ್ರು ನೀರೇ. ಒಂದು ರಾತ್ರಿಯ ಜಡಿಮಳೆಗೆ ತೆರೆದ ದೋಣಿ ತುಂಬಿ ಮುಳುಗಬಹುದು. ಗಂಟೆ ಕಳ್ಳನನ್ನು ಎಂದೂ ಹಿಡಿಯದಿದ್ದರೂ ಒಂದು ಸಲ ನೀರಿನ ಸುದ್ದಿ ಹೇಳಿದರೆ ಕೊಟ್ಟ ಹಣ ಮರಳಿದಂತೆಯೇ.

ಕೊಳ್ಳುವಾಗ ಅಂಗಡಿಯವನನ್ನು ಕೇಳಬೇಕಾದ ಕೆಲವು ಪ್ರಶ್ನೆಗಳುಂಟು. ಬಿಲ್ಲೆಗಳು ಗೊತ್ತಾದ ವೇಳೆಗೊಮ್ಮೆ ‘ನಾನಿದ್ದೇನೆ’ ಎಂದು ಪೆಟ್ಟಿಗೆಗೆ ವರದಿ ಕೊಡುತ್ತವೆಯೇ? ಹಿಂದಿನ ಕಾಲದ ಪಹರೆಯವರು ಗಂಟೆಗೊಮ್ಮೆ ‘ಪಾರಾ ಹುಷಾರ್’ ಎಂದು ಕೂಗುತ್ತಿದ್ದರಲ್ಲ, ಹಾಗೆ. ಕೂಗು ನಿಂತರೆ ಪಹರೆಯವನಿಗೆ ಏನೋ ಆಗಿದೆ ಎಂದರ್ಥ. ಬಿಲ್ಲೆಯ ಸೆಲ್ಲು ಮುಗಿದರೂ, ಯಾರಾದರೂ ಅದನ್ನು ಒಡೆದರೂ, ಅಲೆಗಳನ್ನು ಬೇಕೆಂದೇ ಕೆಡಿಸಿದರೂ ಈ ಮೌನದಿಂದಲೇ ತಿಳಿಯಬೇಕು. ಎರಡನೆಯದಾಗಿ, ಪೆಟ್ಟಿಗೆ ನೀರಿಗೆ ತಡೆಯುತ್ತದೆಯೇ? ‘ಐಪಿ 67’ ಎಂಬ ಗುರುತಿದ್ದರೆ ಧೂಳು ಒಳಹೋಗದು. ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಕೆಡದು. ಮೂರನೆಯದಾಗಿ, ನಿಮ್ಮ ದೋಣಿ ಯಾವುದರದು? ಮರವನ್ನೂ ಫೈಬರನ್ನೂ ಅಲೆಗಳು ಹಾಯುತ್ತವೆ, ಉಕ್ಕನ್ನು ಹಾಯಲಾರವು. ಉಕ್ಕಿನ ದೋಣಿಯಾದರೆ ಆಂಟೆನಾ ಹೊರಗಿರಬೇಕು. ನಾಲ್ಕನೆಯದಾಗಿ, ಸಿಮ್ ಯಾವ ಬಗೆಯದು? 4ಜಿ ಬಲ್ಲ ಪೆಟ್ಟಿಗೆಯನ್ನೇ ಕೊಳ್ಳುವುದು ಮೇಲು. ಹಳೆಯ ಬಗೆಯದು ಎಲ್ಲ ಕಂಪೆನಿಗಳ ಸಿಮ್ಮಿಗೂ ಒಗ್ಗುವುದಿಲ್ಲ.

ಬ್ಯಾಟರಿಯ ಲೆಕ್ಕವನ್ನೂ ಗಮನಿಸಬೇಕು. ಪೆಟ್ಟಿಗೆ 50 ಮಿಲಿಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್‌ಗಂಟೆ, 61 ದಿನಕ್ಕೆ 73ರ ಮೇಲೆ. ದೋಣಿಯ 100 ಆಂಪಿಯರ್‌ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಎಂದರೆ ನಲವತ್ತು ದಿನಕ್ಕೇ ಅರ್ಧ ಮುಗಿಯಿತು! ಚಿಕ್ಕ ಸೌರಫಲಕವೊಂದನ್ನು ಜೋಡಿಸಬಹುದು. ಆದರೆ ಆಷಾಢದ ಮೋಡದಲ್ಲಿ ಸೂರ್ಯನನ್ನು ಪೂರ್ತಿ ನಂಬುವಂತಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗಿ ಬ್ಯಾಟರಿ ನೋಡಿ, ಬಿಲ್ಲೆಗಳ ಉಪ್ಪನ್ನು ಒರೆಸಿ, ಗಂಟೆಯನ್ನು ಒಮ್ಮೆ ಬಾರಿಸಿ ಪರೀಕ್ಷಿಸಬೇಕು. ಸಿಮ್ಮಿನ ರೀಚಾರ್ಜ್ ಮುಗಿದ ಪೆಟ್ಟಿಗೆ ಬಾಯಿಲ್ಲದ ಕಾವಲುಗಾರ. ಇದೊಂದು ಕೆಲಸವನ್ನು ನಮ್ಮ ಪಟ್ಟಣವಾಸಿ ಮಕ್ಕಳು ವಹಿಸಿಕೊಳ್ಳಬಹುದು. ಕುಳಿತಲ್ಲಿಂದಲೇ ಆಗುವ ಕೆಲಸ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗಂಟೆ ಬಾರಿಸಿದರೆ ಕೇಳುವವರು ಯಾರು? ರಾತ್ರಿ ಎರಡು ಗಂಟೆಗೆ ಅಂಧೇರಿಯಲ್ಲಿರುವ ಮಗನ ಮೊಬೈಲು ಕೂಗಿಕೊಂಡರೆ ಆತ ಎದ್ದು ಕೂತು ಬೆವರಬಲ್ಲನೇ ಹೊರತು ಗಂಗೊಳ್ಳಿಯ ದಡಕ್ಕೆ ಓಡಲಾರ. ಪೆಟ್ಟಿಗೆ ಮೊದಲು ಕರೆಯಬೇಕಾದುದು ಮನೆಯಲ್ಲಿರುವವರನ್ನು. ಎರಡನೆಯದಾಗಿ ಪಕ್ಕದ ದೋಣಿಯವರನ್ನು. ಮೂರನೆಯದಾಗಿ ದೂರದ ಮಗನನ್ನು. ನಾಲ್ಕೈದು ದೋಣಿಗಳವರು ಸೇರಿ ಒಂದೇ ಬಗೆಯ ಪೆಟ್ಟಿಗೆಗಳನ್ನು ಕೊಂಡು, ಒಬ್ಬರ ಸುದ್ದಿ ಎಲ್ಲರಿಗೂ ಮುಟ್ಟುವಂತೆ ಮಾಡಿಕೊಂಡರೆ ಖರ್ಚೂ ಕಡಿಮೆ, ಬಲವೂ ಹೆಚ್ಚು. ಬಲೆ ಎಳೆಯಲು ಹತ್ತು ಕೈ ಕೂಡುವ ಜನಕ್ಕೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಗಂಟೆ ಕೇಳಿದ ಕೂಡಲೆ ಒಬ್ಬೊಬ್ಬರೇ ಕತ್ತಲಲ್ಲಿ ನೀರಿಗಿಳಿಯಬಾರದು. ದೀಪ ಹಾಕಿ, ಕೂಗಿ, ಜನ ಕೂಡಿಸಿ ಹೋಗಬೇಕು. ಪೊಲೀಸರಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ದೋಣಿ ಕಡಲಿಗೆ ಹೋಗಿಬಿಟ್ಟಿದ್ದರೆ ಅಥವಾ ಪ್ರಾಣಾಪಾಯವಿದ್ದರೆ ತಟರಕ್ಷಣಾ ಪಡೆಗೆ 1554. ಈ ಮೂರು ಸಂಖ್ಯೆಗಳನ್ನು ದೋಣಿಯ ಕೋಣೆಯಲ್ಲಿಯೂ ಮನೆಯ ಗೋಡೆಯ ಮೇಲೂ ಬರೆದಿಡಬೇಕು. ದೋಣಿಯ ನೋಂದಣಿ ಪತ್ರ, ಇಂಜಿನಿನ ಸಂಖ್ಯೆ, ನಾಲ್ಕು ಕಡೆಯಿಂದ ತೆಗೆದ ಪಟ ಇವುಗಳ ಒಂದು ಪ್ರತಿ ಪಟ್ಟಣದ ಮನೆಯಲ್ಲೂ ಇರಲಿ. ವಿಮೆಯ ಕಾಗದದಲ್ಲಿ ಕಳವಿನ ಮಾತು ಇದೆಯೇ, ಬಿಚ್ಚಿ ತೆಗೆಯಬಹುದಾದ ಇಂಜಿನಿಗೂ ಅದು ಸಲ್ಲುವುದೇ ಎಂದು ಕಂತು ಕಟ್ಟುವ ಮೊದಲೇ ಓದಿಸಿ ತಿಳಿದುಕೊಳ್ಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು?

ಸಿಮ್ಮಿನ ಸುದ್ದಿ ದಡದ ಸಮೀಪದಲ್ಲಿ ಮಾತ್ರ ನಡೆಯುತ್ತದೆ. ಆಳಸಮುದ್ರಕ್ಕೆ ಹೋದ ದೋಣಿಗೆ ಮೊಬೈಲಿನ ಅಲೆ ಸಿಗದು. ಅದರ ನೋವನ್ನು ನಮ್ಮ ಕರಾವಳಿ ಕಂಡಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಮುಳುಗಿತೇ, ಯಾರಾದರೂ ಅಪಹರಿಸಿದರೇ ಎಂದು ತಿಳಿಯದೆ ಏಳು ಮನೆಗಳು ತಿಂಗಳುಗಟ್ಟಲೆ ಬಾಗಿಲು ನೋಡುತ್ತ ಕುಳಿತವು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲತಳದಲ್ಲಿ, ಅದರ ಅವಶೇಷವನ್ನು ನೌಕಾಪಡೆಯವರು ಗುರುತಿಸಿದರು. ಕಡಲು ಕೊಂಡೊಯ್ದುದನ್ನು ಯಂತ್ರ ಮರಳಿಸದು. ಆದರೆ ಇರುವ ಜಾಗವನ್ನು ದೋಣಿ ತಾನೇ ಹೇಳುವಂತಿದ್ದರೆ ಆ ಕಾಯುವಿಕೆಯ ಯಾತನೆಯಾದರೂ ತಪ್ಪೀತು. ಈ ಉದ್ದೇಶಕ್ಕಾಗಿ ಇಸ್ರೋದವರು ರೂಪಿಸಿದ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಹಾಗೂ ಪಡೆಯುವ ಉಪಕರಣವನ್ನು ಒಂದು ಲಕ್ಷ ಮೀನುದೋಣಿಗಳಿಗೆ ಹಂಚುವ ಯೋಜನೆ 2024ರ ಆಗಸ್ಟ್ 30ರಂದು ಪಾಲಘರದಲ್ಲಿ ಉದ್ಘಾಟನೆಯಾಯಿತು. ತಮ್ಮ ಮನೆಯ ದೋಣಿಗೆ ಅದು ಬಂದಿದೆಯೇ ಎಂದು ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸುವುದು ಪ್ರತಿಯೊಬ್ಬ ಒಡೆಯನ ಕೆಲಸ. ಬಂದಿದ್ದರೆ ಅದನ್ನು ಆರಿಸಿಡದೆ ಬಳಸುವುದು ಅದಕ್ಕಿಂತ ದೊಡ್ಡ ಕೆಲಸ.

ಕೊನೆಯದಾಗಿ ಹಿರಿಯರ ಮಾತು. ಪಟ್ಟಣದಿಂದ ಬಂದ ಮಗ ಪೆಟ್ಟಿಗೆ ತೆಗೆದು, “ಅಪ್ಪಯ್ಯಾ, ಇನ್ನು ನೀವು ದೋಣಿಯಲ್ಲಿ ಮಲಗುವುದು ಬೇಡ” ಎಂದಾಗ, “ಪೆಟ್ಟಿಗೆಯೇ ಕಾಯ್ತದೆ ಅಂದ್ರೆ ಮತ್ತೆ ನಾನು ಎಂತಕ್ಕೆ, ಮಗಾ?” ಎಂದು ಅವರು ಕೇಳುವುದು ಸಹಜ. ಇದನ್ನು ನಕ್ಕು ಕಳೆಯಬಾರದು. ದೋಣಿ ಕಾಯುವುದು ಅವರಿಗೆ ಬರಿಯ ಕೆಲಸವಲ್ಲ. ಮನೆಯಲ್ಲಿ ತಮಗಿನ್ನೂ ಸ್ಥಾನವಿದೆ ಎಂಬುದರ ಗುರುತು. ಆದುದರಿಂದ ಪೆಟ್ಟಿಗೆಯ ಅಧಿಕಾರವನ್ನು ಅವರಿಗೇ ಕೊಡಬೇಕು. ಸಂಜೆ ಗಂಟೆಯನ್ನು ಎಚ್ಚರಗೊಳಿಸುವವರು ಅವರು, ಬೆಳಿಗ್ಗೆ ಆರಿಸುವವರು ಅವರು, ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡುವವರೂ ಅವರೇ. ಯಾವ ಸದ್ದು ಅಲೆಯದು, ಯಾವುದು ಮನುಷ್ಯನದು ಎಂಬ ತಿಳಿವಳಿಕೆ ಯಾವ ಬಿಲ್ಲೆಯಲ್ಲಿಯೂ ಇಲ್ಲ. ಅದು ಅವರ ಕಿವಿಯಲ್ಲಿದೆ. ಯಂತ್ರ ಬಂದುದು ಅವರನ್ನು ಮಳೆಯಿಂದ ಒಳಕ್ಕೆ ಕರೆತರಲು; ಅವರ ಜಾಗವನ್ನು ಹಿಡಿಯಲು ಅಲ್ಲ.

ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುವವರು ಎರಡು ದಿನವನ್ನು ಈ ಕೆಲಸಕ್ಕೆ ಮೀಸಲಿಡಲಿ. ಮೇ ತಿಂಗಳು ಮುಗಿಯುವುದರೊಳಗೆ ಸರಪಳಿ, ಬೀಗ, ಬಿಲ್ಲೆ, ಸಿಮ್ಮು, ಸಂಖ್ಯೆಗಳ ಪಟ್ಟಿ ಎಲ್ಲವೂ ಸಿದ್ಧವಾಗಿದ್ದರೆ, ಮುಂಗಾರಿನ ರಾತ್ರಿಗಳಲ್ಲಿ ಅಲ್ಲಿಯ ಅಪ್ಪಯ್ಯನಿಗೂ ಇಲ್ಲಿಯ ಮಗನಿಗೂ ನಿದ್ದೆ ಬಂದೀತು. ಇದಕ್ಕಿಂತ ಹೆಚ್ಚಿನ ಲಾಭವನ್ನು ಯಾವ ಉಪಕರಣದಿಂದಲೂ ನಾವು ನಿರೀಕ್ಷಿಸುವುದಿಲ್ಲ.